ಸಂತೆಯಲ್ಲಿ ತೂಗಿದ ನಾಯಿ

ಥೋವಾಳ ನಾಯಿ ವೆನ್ ಹುಳುಬಾಧೆಯಿಂದ ಎಲುಬುಗೂಡಾಗಿತ್ತು; ಅದರ ತೂಕ ಹನ್ನೆರಡು ಕಿಲೋ ದಾಟಿದರೆ ಗುಣವಾದಂತೆ ಎಂದು ಪಶುವೈದ್ಯರು ಹೇಳಿದ್ದರು. ಅವಳು ಅದನ್ನು ಬಿದಿರು ಬುಟ್ಟಿಯಲ್ಲಿ ಕೂರಿಸಿ, ಕೆಂಪು ನದಿಯ ದಂಡೆಯ ಸಂತೆಗೆ ಒಯ್ದು, ಹಂದಿ ವ್ಯಾಪಾರಿ ಲಾಪ್‌ನ ತಕ್ಕಡಿಗೆ ನೇತುಹಾಕಿಸಿದಳು.

"ಬುಟ್ಟಿ ಕಳೆದು ಹದಿಮೂರು ಕಿಲೋ!" ಲಾಪ್ ಕೂಗಿದ. "ಪಕ್ಕೆ ಮುಟ್ಟಿ ನೋಡಕ್ಕಾ, ಎಲುಬು ಕೈಗೆ ಸಿಗುತ್ತೆ, ಕಣ್ಣಿಗೆ ಕಾಣಲ್ಲ. ನಿನಗಿಂತ ಇದೇ ಗಟ್ಟಿಮುಟ್ಟಾಗಿದೆ!"

ಪಕ್ಕದಲ್ಲಿ ಬೈಕಿನ ಮೇಲೆ ಕುಳಿತಿದ್ದ ಇಬ್ಬರು ನಕ್ಕರು. "ಚೆನ್ನಾಗ್ ಸಾಕಿದ್ದೀಯಕ್ಕಾ. ಮನೆ ಎಲ್ಲಾಯ್ತು?"

"ಕಾಲುವೆ ಪಕ್ಕ, ನೀಲಿ ಗೇಟು," ಎಂದಳು ಥೋವಾ ಹೆಮ್ಮೆಯಿಂದ.

ಬೈಕು ಹೊರಟುಹೋದ ಮೇಲೆ ಲಾಪ್ ಅವಳ ಕಿವಿಯ ಬಳಿ ಬಾಗಿದ. "ಯಾಕಕ್ಕಾ ಹೇಳ್ದೆ? ಅವ್ರು ನಾಯಿ ಕದ್ದು ಮಾಂಸದಂಗಡಿಗೆ ಮಾರೋರು."

ಒಂದು ಜೀವದ ಆರೋಗ್ಯವನ್ನು ಸಾರುವ ಅಂಕಿಯಲ್ಲಿ ಮಾಂಸದ ಬೆಲೆಯನ್ನಷ್ಟೇ ಓದುವವರಿಗೆ ಮನುಷ್ಯರೆಂಬ ಹೆಸರು ಸಲ್ಲದು. ಆದರೆ ಥೋವಾಳಿಗೆ ಆಗ ಸಿಟ್ಟಿಗಿಂತ ಭಯವೇ ಹೆಚ್ಚಾಗಿತ್ತು. ಅವಳು ವೆನ್‌ನನ್ನು ಎತ್ತಿಕೊಂಡು ಮನೆಯತ್ತ ಧಾವಿಸಿ ಕಾಲುವೆಯ ತಿರುವಿಗೆ ಬಂದಾಗ ನೀಲಿ ಗೇಟಿನ ಮುಂದೆ ಅದೇ ಬೈಕು ನಿಂತಿತ್ತು. ಅದರ ಹಿಂಬದಿಗೆ ಈಗ ಖಾಲಿ ಪಂಜರವೊಂದನ್ನು ಕಟ್ಟಲಾಗಿತ್ತು. ವೆನ್ ಗುರುಗುಟ್ಟಿತು. ಅವಳು ಅದರ ಬಾಯಿಯನ್ನು ಅಂಗೈಯಿಂದ ಮುಚ್ಚಿ, ಆ ಹದಿಮೂರು ಕಿಲೋವನ್ನು ಎದೆಗವಚಿಕೊಂಡು, ಸದ್ದಿಲ್ಲದೆ ಬಂದ ದಾರಿಯಲ್ಲೇ ಹಿಂದಿರುಗಿದಳು. ಆ ಮನೆಗೆ ಇನ್ನು ಅದನ್ನು ಕರೆದೊಯ್ಯುವಂತಿರಲಿಲ್ಲ.