ಕಾಗದದ ಮೇಲೆ ಬಿದ್ದ ಸೂರ್ಯ

ನಾನು ಒಂದು ದೂರದರ್ಶಕ. ಹೆಸರು ದೊಡ್ಡದು, ದೇಹ ಸಣ್ಣದು. ಮೊಳದುದ್ದದ ಕೊಳವೆ, ಮುಂದೆ ಅಂಗೈಯಗಲದ ಗಾಜು, ಹಿಂದೆ ಕಣ್ಣಿಡಲು ಗುಂಡಿಯಷ್ಟು ಇನ್ನೊಂದು ಗಾಜು, ಮೂರು ತೆಳ್ಳನೆಯ ಕಾಲು. ಯಾವ ಊರಿನ ಕಾರ್ಖಾನೆಯಲ್ಲಿ ಹುಟ್ಟಿದೆನೋ ತಿಳಿಯದು. ನನ್ನ ಗಾಜನ್ನು ಉಜ್ಜಿದ ಕೈಗಳ ನೆನಪಿದೆ, ಮುಖಗಳ ನೆನಪಿಲ್ಲ. ಅವರೆಲ್ಲ ಬಾಯಿಗೆ ಬಟ್ಟೆ ಕಟ್ಟಿಕೊಂಡಿದ್ದರು.

ಕಣ್ಣು ಬಿಟ್ಟು ನೋಡಿದ್ದು ದಾವಣಗೆರೆಯಲ್ಲಿ, ಶಾಲಾ ಕಾಲೇಜುಗಳಿಗೆ ಪ್ರಯೋಗದ ಸಾಮಾನು ಮಾರುವ ಒಂದು ಅಂಗಡಿಯಲ್ಲಿ. ನನ್ನ ಪಕ್ಕದಲ್ಲೇ ಆಳೆತ್ತರದ ಬಿಳಿ ದೂರದರ್ಶಕವೊಂದಿತ್ತು. ಅದರ ಡಬ್ಬಿಯ ಮೇಲೆ ‘ಆರುನೂರು ಪಟ್ಟು ದೊಡ್ಡದಾಗಿ ಕಾಣುತ್ತದೆ’ ಎಂದು ಬರೆದಿತ್ತು. ಬಂದವರೆಲ್ಲ ಅದನ್ನೇ ನೋಡುತ್ತಿದ್ದರು. ನನಗೆ ಹೊಟ್ಟೆಕಿಚ್ಚು ಇರಲಿಲ್ಲ ಎಂದರೆ ಸುಳ್ಳಾಗುತ್ತದೆ.

ದಾಕ್ಷಾಯಣಿ ಬಂದವಳೂ ಮೊದಲು ಕೈಯಿಟ್ಟದ್ದು ಅದರ ಮೇಲೆಯೇ. ಅವಳು ಹಳೆ ಮಿಲ್ಲಿನ ಹಿಂದಿನ ಸಾಲುಮನೆಗಳ ಬೀದಿಯಲ್ಲಿ ಅಂಗನವಾಡಿ ಟೀಚರ್.

‘ಎಲ್ಲಿಗೆ ಒಯ್ತೀರಿ ಟೀಚರ್? ಯಾರು ಹೊರ್ತಾರೆ?’ ಅಂಗಡಿಯವನು ಕೇಳಿದ.

‘ನಾನೇ. ಬೀದಿ ಬೀದಿಗೆ ಒಯ್ಯಬೇಕು.’

‘ಹಂಗಾರೆ ಎತ್ತಿ ನೋಡ್ರಿ.’

ಅವಳಿಗೆ ಎತ್ತಲಾಗಲಿಲ್ಲ. ‘ಈ ಪಟ್ಟು ಗಿಟ್ಟು ನಂಬಬ್ಯಾಡ್ರಿ. ಅಷ್ಟು ಹಿಗ್ಗಿಸಿದ್ರೆ ಬರೀ ಮಂಜು ಕಾಣ್ತದೆ. ಕಾಲು ಅಲುಗಾಡಬಾರದು, ಒಬ್ಬರೇ ಹೊರುವಂಗಿರಬೇಕು, ಮೊದಲ ಸಲಕ್ಕೆ ಅಷ್ಟು ಸಾಕು,’ ಎಂದು ನನ್ನನ್ನು ಅವಳ ಕೈಗಿಟ್ಟ. ಆಮೇಲೆ ದನಿ ತಗ್ಗಿಸಿದ: ‘ಸೂರ್ಯನ ಕಡೆ ತಿರುಗಿಸಿದಾಗ ಮಾತ್ರ ಇದಕ್ಕೆ ಯಾರೂ ಕಣ್ಣಿಡಬಾರದು. ಹಿಂದೆ ಒಂದು ಬಿಳಿ ಕಾಗದ ಹಿಡೀರಿ. ಬಿಂಬ ಅದರ ಮ್ಯಾಲೆ ಬೀಳ್ತದೆ.’

ಅವಳು ತಲೆಯಾಡಿಸಿದಳು. ಅವಳ ಮೇಲ್ದುಟಿಯ ನಡುವೆ ಹಳೆಯ ಹೊಲಿಗೆಯ ಗುರುತನ್ನು ನಾನು ನೋಡಿದ್ದು ಆಗಲೇ.

ಆ ಗುರುತಿನ ಕಥೆ ಮನೆಗೆ ಹೋದ ಮೇಲೆ ತಿಳಿಯಿತು. ಅವಳು ಸೀಳುತುಟಿಯೊಂದಿಗೆ ಹುಟ್ಟಿದ ಮಗು. ಹೊಟ್ಟೆಯಲ್ಲಿದ್ದಾಗ ಗ್ರಹಣ ಬಂದಿತ್ತಂತೆ, ಅವಳ ತಾಯಿ ಕೊಟ್ರಮ್ಮ ಆ ಹೊತ್ತಿನಲ್ಲಿ ಬದನೆಕಾಯಿ ಹೆಚ್ಚಿದ್ದಳಂತೆ. ಅಷ್ಟು ಸಾಕಾಯಿತು. ಅದಕ್ಕೇ ಮಗುವಿನ ತುಟಿ ಸೀಳಿತು ಎಂದು ಅತ್ತೆ ಸಾಯುವವರೆಗೂ ಅಂದಳು. ಗಂಡ ಮಿಲ್ಲಿನ ಹತ್ತಿಧೂಳು ಕುಡಿದು ಎದೆ ಕೆಟ್ಟು ಸಾಯುವವರೆಗೂ ಅಂದ. ಅವರು ಹೋದ ಮೇಲೆ ಆ ಕೆಲಸವನ್ನು ಎದುರುಮನೆಯ ಹಾಲಮ್ಮ ವಹಿಸಿಕೊಂಡಳು. ಕೊಟ್ರಮ್ಮ ಯಾರಿಗೂ ಎದುರಾಡಲಿಲ್ಲ. ಬದನೆಕಾಯಿ ಮಾತ್ರ ಆ ಮನೆಗೆ ಮತ್ತೆ ಬರಲಿಲ್ಲ.

ದಾಕ್ಷಾಯಣಿ ನನ್ನನ್ನು ತಂದದ್ದು ಚಂದ್ರನ ಕುಳಿ ನೋಡಲಿಕ್ಕಲ್ಲ. ಮುಂದಿನ ಗ್ರಹಣದ ದಿನ ಇಡೀ ಬೀದಿಗೆ ‘ನೋಡಿ, ಇದು ಬರೀ ನೆರಳು’ ಎಂದು ತೋರಿಸಬೇಕಿತ್ತು. ತಾಯಿಯ ತಲೆಯ ಮೇಲಿನ ಆ ಮಾತನ್ನು ಇಳಿಸಬೇಕಿತ್ತು. ನನಗೆ ಅವಳ ಮೇಲೆ ಪ್ರೀತಿ ಹುಟ್ಟಿದ್ದು ಇದಕ್ಕೆ.

ಗ್ರಹಣ ಬಂತು. ಬೆಳಗ್ಗೆಯೇ ಬೀದಿಯ ಬಾಗಿಲುಗಳು ಮುಚ್ಚಿದವು. ನೀರಿನ ಕೊಡಗಳಿಗೆ ಗರಿಕೆ ಬಿತ್ತು. ಹಾಲಮ್ಮ ಹಿತ್ತಾಳೆ ತಟ್ಟೆಯಲ್ಲಿ ನೀರು ಹಾಕಿ ಒನಕೆ ನಿಲ್ಲಿಸಿದಳು. ದಾಕ್ಷಾಯಣಿ ನನ್ನನ್ನು ಅಂಗಳದ ಸ್ಟೂಲಿನ ಮೇಲೆ ನಿಲ್ಲಿಸಿ, ನನ್ನ ನೆರಳು ಗುಂಡಗೆ ಸಣ್ಣಗಾಗುವ ತನಕ ತಿರುಗಿಸಿ, ಹಿಂದೆ ಬಿಳಿ ರಟ್ಟು ಹಿಡಿದಳು. ರಟ್ಟಿನ ಮೇಲೆ ಅಂಚು ಕಡಿದ ಸೂರ್ಯ ಬಿದ್ದ. ಆ ಗಳಿಗೆಯಲ್ಲಿ ನನ್ನಷ್ಟು ಬೀಗಿದವರು ಯಾರೂ ಇರಲಿಕ್ಕಿಲ್ಲ.

ಹಾಲಮ್ಮನ ಬಸುರಿ ಸೊಸೆ ಕಿಟಕಿಯಿಂದ ಇಣುಕಿದಳು. ಬೆಳಗಿನಿಂದ ಏನೂ ತಿಂದಿರಲಿಲ್ಲ, ಪಾಪ. ದಾಕ್ಷಾಯಣಿ ರಟ್ಟನ್ನು ಕೆಳಗಿಟ್ಟು, ‘ಅವ್ವಾ, ಇದನ್ನ ಯಾರೂ ಮುಟ್ಟದಂಗೆ ನೋಡ್ಕೊ. ಬರಿಗಣ್ಣಿಂದ ನೋಡಬಾರದು,’ ಎಂದು ಅವಳನ್ನು ಕರೆತರಲು ಹೋದಳು.

ಬರಿಗಣ್ಣಿಂದ ನೋಡಬಾರದು. ಕೊಟ್ರಮ್ಮ ಆ ಮಾತನ್ನು ಚೆನ್ನಾಗಿಯೇ ಕೇಳಿಸಿಕೊಂಡಳು. ಆದರೆ ಆ ಬೀದಿಯಲ್ಲಿ ಧೈರ್ಯಸ್ಥರು ಗ್ರಹಣ ನೋಡುತ್ತಿದ್ದದ್ದು ಹಳೆಯ ಎಕ್ಸ್‌ರೇ ಹಾಳೆ ಅಡ್ಡ ಹಿಡಿದು. ಎಕ್ಸ್‌ರೇ ಹಿಡಿದರೆ ಅದು ಬರಿಗಣ್ಣಲ್ಲ ಎಂಬುದು ಅಲ್ಲಿ ಎಲ್ಲರಿಗೂ ಗೊತ್ತಿದ್ದ ವಿಷಯ. ಅವಳು ಒಳಗೆ ಹೋಗಿ ಟ್ರಂಕಿನಿಂದ ಗಂಡನ ಎದೆಯ ಎಕ್ಸ್‌ರೇ ತಂದಳು. ತನ್ನ ಬಾಳನ್ನು ಹಾಳುಮಾಡಿದ್ದು ನೋಡಲು ಹೇಗಿದೆ ಎಂದು ಒಂದು ಸಲ ತಿಳಿಯಬೇಕಿತ್ತು ಅವಳಿಗೆ. ಹಾಳೆಯನ್ನು ನನ್ನ ಹಿಂಗಾಜಿಗೆ ಒತ್ತಿ ಬಲಗಣ್ಣಿಟ್ಟಳು.

ನನಗೆ ಬಾಯಿಲ್ಲ. ಇದ್ದಿದ್ದರೆ ಊರೇ ಕೇಳುವಂತೆ ಕಿರುಚುತ್ತಿದ್ದೆ. ನನ್ನ ಮುಂಗಾಜು ಹಿಡಿದ ಬಿಸಿಲೆಲ್ಲ ಆ ಹಾಳೆಯನ್ನು ತೂತು ಮಾಡಿ ಅವಳ ಕಣ್ಣಿಗೆ ಹೋಯಿತು. ಅವಳು ‘ಅಯ್ಯೋ’ ಎಂದು ಹಿಂದೆ ಸರಿದಳು, ಅಷ್ಟೇ. ಸಂಜೆಗೆ ಬಲಗಣ್ಣಿನ ನಡುವೆ ಕಪ್ಪು ಬೊಟ್ಟು ಕಾಣುತ್ತದೆ ಎಂದಳು. ಈ ಸುಟ್ಟ ಗಾಯ ಮಾಯುವುದಿಲ್ಲ ಎಂದು ಡಾಕ್ಟರು ಹೇಳಿದರು.

‘ಆವಾಗ ಮಗಳ ತುಟಿ, ಈಗ ತಾಯಿ ಕಣ್ಣು. ಗ್ರಹಣ ಈ ಮನೆ ಬಿಡಂಗಿಲ್ಲ,’ ಎಂದಳು ಹಾಲಮ್ಮ.

‘ಗ್ರಹಣ ಅಲ್ಲ ದೊಡ್ಡವ್ವ, ಬಿಸಿಲು. ಯಾವತ್ತು ನೋಡಿದ್ರೂ ಸುಡ್ತಿತ್ತು,’ ಎಂದು ದಾಕ್ಷಾಯಣಿ ಅಂದಳು. ಕೇಳುವವರು ಯಾರಿದ್ದರು? ಸೊಸೆಯ ಕಿಟಕಿಯೂ ಮುಚ್ಚಿತ್ತು. ದಾಕ್ಷಾಯಣಿ ನನ್ನನ್ನು ಹಳೆ ಸೀರೆಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದಳು.

ಕೆಲವು ವರ್ಷಗಳ ಮೇಲೆ ನನ್ನನ್ನು ಇಳಿಸಿದ್ದು ಕೊಟ್ರಮ್ಮ. ದಾಕ್ಷಾಯಣಿ ಮದುವೆಯಾಗಿ, ಚೊಚ್ಚಿಲ ಹೆರಿಗೆಗೆ ತವರಿಗೆ ಬಂದಿದ್ದಳು. ಅಂದು ಮತ್ತೆ ಗ್ರಹಣ. ಹೇಳುವ ಅತ್ತೆ ಅಲ್ಲಿರಲಿಲ್ಲ, ಆದರೂ ಅವಳು ತಾನಾಗಿ ಒಳಕೋಣೆಗೆ ಹೋಗಿ ಚಿಲಕ ಹಾಕಿಕೊಂಡಿದ್ದಳು. ಕೊಟ್ರಮ್ಮ ಸೆರಗಿನಿಂದ ನನ್ನ ಗಾಜು ಒರೆಸಿ, ಮಗಳು ಮಾಡಿದ್ದಂತೆಯೇ ನೆರಳು ಸಣ್ಣಗಾಗುವ ತನಕ ತಿರುಗಿಸಿ, ರಟ್ಟು ಹಿಡಿದಳು. ಕಣ್ಣಿಡಲಿಲ್ಲ. ಸೂರ್ಯ ಬಿದ್ದ.

ಬಾಗಿಲು ತಟ್ಟಿದಳು. ‘ದಾಕ್ಷೀ, ಬಾರೇ. ಎಷ್ಟು ಚೆಂದ ಬಿದ್ದೈತೆ ನೋಡು.’

‘ಬ್ಯಾಡವ್ವ.’

‘ನೀನೇ ಅಂದಿದ್ದೆಲ್ಲೇ, ಬರೀ ನೆರಳು ಅಂತ.’

‘ನೆರಳೇ ಅವ್ವಾ, ನನಗೆ ಗೊತ್ತಿಲ್ಲೇನು? ಆದ್ರೆ ಕೂಸಿಗೆ ಏನಾರ ಆದ್ರೆ ನಿನಗಂದಂಗೆ ನನಗೂ ಅಂತಾರೆ. ನಿನ್ನಂಗೆ ತಡಕೊಳ್ಳಾಕೆ ನನ್ನ ಕೈಲಾಗಲ್ಲ.’

ಕೊಟ್ರಮ್ಮ ಮತ್ತೆ ತಟ್ಟಲಿಲ್ಲ. ಗ್ರಹಣ ಬಿಡುವ ತನಕ ಒಬ್ಬಳೇ ಅಂಗಳದಲ್ಲಿ ರಟ್ಟು ಹಿಡಿದು ಕೂತಳು. ಹಾಲಮ್ಮ ತನ್ನ ಬಾಗಿಲ ಸಂದಿಯಿಂದ ಅದನ್ನು ನೋಡಿದಳು.

ಹೆಣ್ಣುಮಗು ಹುಟ್ಟಿತು. ತುಟಿ ಸೀಳಿತ್ತು.

ಇದು ರಕ್ತದಲ್ಲೇ ಬರಬಹುದು ಎಂದರು ಡಾಕ್ಟರು. ನೋಡಲು ಬಂದ ಹಾಲಮ್ಮನ ಮುಂದೆ ದಾಕ್ಷಾಯಣಿ ಬಾಣಂತಿ ಮಂಚದಲ್ಲೇ ಎದ್ದು ಕೂತಳು. ‘ನಾನು ಒಳಗಿದ್ದೆ ದೊಡ್ಡವ್ವ. ಏನೂ ಹೆಚ್ಚಲಿಲ್ಲ, ನೀರು ಸಹಿತ ಕುಡೀಲಿಲ್ಲ. ಆದ್ರೂ ಹಿಂಗಾಯ್ತು. ಅಂದಮ್ಯಾಲೆ ಅವತ್ತು ನಮ್ಮವ್ವಂದೂ ತಪ್ಪಿಲ್ಲ. ಈಗಾದ್ರೂ ಒಂದು ಸಲ ಹೇಳಿಬಿಡು.’

ಹಾಲಮ್ಮ ತಲೆಯೆತ್ತಿ, ಕೊಟ್ರಮ್ಮ ನನ್ನನ್ನು ಮತ್ತೆ ಏರಿಸಿಟ್ಟಿದ್ದ ಅಟ್ಟದ ಕಡೆ ನೋಡಿದಳು. ‘ನೀನು ಒಳಗಿದ್ದೆ, ಖರೆ. ನಿಮ್ಮವ್ವ ಅಂಗಳದಾಗೆ ಅದನ್ನ ಹೂಡಿಕೊಂಡು ಕೂತಿದ್ದಳಲ್ಲ,’ ಎಂದು ಎದ್ದು ಹೋದಳು.

ನಾನಿನ್ನೂ ಅಟ್ಟದಲ್ಲಿದ್ದೇನೆ. ಗಾಜಿಗೆ ಬೂಷ್ಟು ಹಿಡಿದಿದೆ, ಕಾಲೊಂದು ಸಡಿಲವಾಗಿದೆ. ದೂರದ್ದನ್ನು ಹತ್ತಿರ ತರುವುದೊಂದೇ ನನಗೆ ಗೊತ್ತಿದ್ದ ಕೆಲಸ, ಎದುರುಮನೆಯನ್ನು ತರಲಾಗಲಿಲ್ಲ. ಹಲಗೆಯ ಸಂದಿಯಿಂದ ಕೆಳಗಿನ ಕೋಣೆ ಕಾಣುತ್ತದೆ. ಮಗುವಿಗೆ ಎದೆಹಾಲು ಚೀಪಲು ಬರುವುದಿಲ್ಲ, ಕೊಟ್ರಮ್ಮ ಬೆಳ್ಳಿಯ ಒಳಲೆಯಲ್ಲಿ ಕುಡಿಸುತ್ತಾಳೆ. ಒಂದೇ ಕಣ್ಣಿಗೆ ಅಂತರ ಸಿಗದೆ ಹಾಲು ಕೆನ್ನೆಯ ಮೇಲೆ ಚೆಲ್ಲುತ್ತದೆ. ಆಗ ದಾಕ್ಷಾಯಣಿ ತಾಯಿಯ ಕೈ ಹಿಡಿದು, ಆ ಸೀಳಿನ ಹತ್ತಿರಕ್ಕೆ ಒಯ್ಯುತ್ತಾಳೆ.