ಬಾಳೆಕಾಯಿ ಕರೆಂಟು

ಲೊಮಾ ಪ್ರಿಯೆತಾ ಕೇರಿಗೆ ಕರೆಂಟು ಅಂದರೆ ದೊಡ್ಡ ಮನೆಯ ಅಳಿಯನಿದ್ದ ಹಾಗೆ. ಮನಸ್ಸು ಬಂದಾಗ ಬರುತ್ತದೆ, ಮುನಿಸು ಬಂದಾಗ ಹೋಗುತ್ತದೆ. ಬಂದದ್ದನ್ನು ಮೊದಲು ಕಂಡವರು "ಬಂತೂ ಕರೆಂಟೂ!" ಎಂದು ಕೂಗಬೇಕು, ಕೇಳಿದವರು ಪಕ್ಕದ ಮನೆಗೆ ದಾಟಿಸಬೇಕು. ತಂತಿಯೊಳಗಿನ ಕರೆಂಟಿಗಿಂತ ಆ ಕೂಗೇ ಮೊದಲು ಗುಡ್ಡದ ತುದಿ ಮುಟ್ಟುತ್ತದೆ ಎಂದು ರಾಜಧಾನಿ ಸಾಂತೊ ದೊಮಿಂಗೊದ ತನಕ ಹೆಸರು.

ಅಂದು ಶಾಲೆಯಲ್ಲಿ ಪುಟ್ಟ ದಿಲೆನ್ನಿಗೆ ಮಾತ್ರ ಬೇರೆ ಕರೆಂಟಿನ ಚಿಂತೆ. ನಾಲ್ಕನೇ ತರಗತಿಯ ಫ್ರಾಂಸಿಯಾ ಟೀಚರ್ ಸ್ಟ್ಯಾಂಡ್ ಹಾಕಿ ನಿಲ್ಲಿಸಿದ ಸೈಕಲ್ಲಿನ ಹಿಂದಿನ ಗಾಲಿಗೆ ಹಳೇ ಲಾರಿಯ ಡೈನಮೊ ಬಿಗಿದಿದ್ದರು. ತುಳಿದರೆ ಬಲ್ಬು ಉರಿಯಬೇಕು, ಅದೇ ಶಕ್ತಿಯ ಪಾಠ. ಸೈಕಲ್ಲು ಕ್ಷೌರದಂಗಡಿಯ ವಿಲ್ಕಿನ್‌ನದು. ಅವನು ದಿಲೆನ್ನಿಗೆ ಸೋದರಮಾವ. ಕೊಡುವಾಗಲೇ ಹೇಳಿದ್ದ: "ನೋಡೇ, ಮಧ್ಯಾಹ್ನದೊಳ್ಗೆ ದೀಪ ಹತ್ತಿದ್ರೆ ಶಾಲೇಲೇ ಇರ್ಲಿ. ಹತ್ತದಿದ್ರೆ ನನ್ ಸೈಕಲ್ ನಂಗೆ."

ದಿಲೆನ್ನಿ ತುಳಿದಳು. ಬಲ್ಬು ಕಣ್ಣು ಕೂಡ ಮಿಟುಕಿಸಲಿಲ್ಲ.

"ಅದು ಕಾಲಾ, ಪೊರಕೆ ಕಡ್ಡಿನಾ?" ಎಂದ ಬ್ರೈಲಿನ್, ಮುಂದಿನ ಬೆಂಚಿನ ತುಂಟ.

"ಬೆಳಿಗ್ಗೆ ಏನ್ ತಿಂದ್ಯೇ?" ಟೀಚರ್ ಕೇಳಿದರು.

"ಏನೂ ಇಲ್ಲ ಟೀಚರ್. ಸೈಕಲ್ ಸಂಭ್ರಮಕ್ಕೆ ಹಸಿವೇ ಆಗ್ಲಿಲ್ಲ."

"ಅದಕ್ಕೇ ಮತ್ತೆ! ಶಕ್ತಿ ಆಕಾಶದಿಂದ ಉದುರುತ್ತಾ? ಹೊಟ್ಟೆಯಿಂದ ಕಾಲಿಗೆ, ಕಾಲಿಂದ ಗಾಲಿಗೆ, ಗಾಲಿಯಿಂದ ಬಲ್ಬಿಗೆ. ಹೊಟ್ಟೇಲಿ ಇಲ್ದಿದ್ದು ಬಲ್ಬಲ್ಲಿ ಎಲ್ಲಿಂದ ಬರ್ಬೇಕು?"

ಟೀಚರ್ ತಮ್ಮ ಡಬ್ಬಿಯನ್ನೇ ಬಿಚ್ಚಿ ಕೊಟ್ಟರು. ಬಾಳೆಕಾಯಿ ಬೇಯಿಸಿ ಕಿವುಚಿದ ಮಂಗೂ, ಮೇಲೆ ಕರಿದ ಚೀಸು. ದಿಲೆನ್ನಿ ಡಬ್ಬಿಯನ್ನು ನೆಕ್ಕಿ ಕನ್ನಡಿ ಮಾಡಿಟ್ಟು ಸೈಕಲ್ ಹತ್ತಿದಳು. ಎಂಥಾ ತುಳಿತ ಅಂತೀರಿ! ಗಾಲಿಯ ಗಾಳಿಗೆ ಗೋಡೆಯ ನಕ್ಷೆಯಲ್ಲಿ ಕ್ಯೂಬಾ ಹೋಗಿ ಹೈಟಿಯ ಮೇಲೆ ಕೂತಿತು, ಅಂಗಳದ ಕೋಳಿ ಹಿಮ್ಮುಖವಾಗಿ ನಡೆಯತೊಡಗಿತು. ಬಲ್ಬು ಮೊದಲು ಕೆಂಪಾಯಿತು, ಆಮೇಲೆ ಝಗ್ಗೆಂದಿತು.

ಆ ಕೇರಿಯ ಮಕ್ಕಳು ದೀಪ ಹತ್ತಿದ್ದು ಕಂಡ ಮೇಲೆ ಬಾಯಿ ಮುಚ್ಚಿಕೊಂಡಿರುವುದುಂಟೇ?

"ಬಂತೂ ಕರೆಂಟೂ!"

ಕೂಗು ಗುಡ್ಡ ಹತ್ತಿತು. ಹೆಂಗಸರು ವಾಷಿಂಗ್ ಮೆಷಿನ್ನಿಗೆ ವಾರದ ಬಟ್ಟೆ ತುರುಕಿದರು, ಇಸ್ತ್ರಿಪೆಟ್ಟಿಗೆ ಹೊರಬಂತು. ಬೆಳಿಗ್ಗೆಯಿಂದ ಅರ್ಧ ತಲೆ ಬೋಳಿಸಿಕೊಂಡು ಕಾಯುತ್ತಿದ್ದ ಮುದುಕ ಎಲಿಹಿಯೊನ ತಲೆಗೆ ವಿಲ್ಕಿನ್ ಕ್ಷೌರದ ಮೆಷಿನ್ನು ಒತ್ತಿದ. ಎಲ್ಲೂ ಗುಂಯ್ ಎನ್ನಲಿಲ್ಲ. ಕೂಗು ಎಲ್ಲಿಂದ ಹುಟ್ಟಿತೆಂದು ತಿಳಿದದ್ದೇ ತಡ, ಪ್ಲಗ್ಗು ಕಿತ್ತು ಬಿಸಾಡಿ ಇಡೀ ಗುಡ್ಡ ಶಾಲೆಗೆ ಇಳಿಯಿತು.

"ಮಾವಾ, ದೀಪ ಹತ್ತಿದೆ ನೋಡು!" ದಿಲೆನ್ನಿ ತುಳಿಯುತ್ತಲೇ ಕೂಗಿದಳು.

"ನಿನ್ ದೀಪ ಹತ್ತಿ ನನ್ ಮಾನ ಹೋಯ್ತಲ್ಲೇ! ಈ ತಲೆ ನೋಡು! ಇಳಿ ಕೆಳಗೆ, ಕೊಡು ಸೈಕಲ್ಲ."

ಇಳಿದರೆ ದೀಪವೂ ಹೋಯಿತು, ಸೈಕಲ್ಲೂ ಹೋಯಿತು. ದಿಲೆನ್ನಿ ಏದುಸಿರು ಬಿಡುತ್ತಾ ಹೇಳಿದಳು: "ನಿನ್ ಮೆಷಿನ್ನನ್ನೂ ಇದಕ್ಕೇ ಸಿಕ್ಸು ಮಾವಾ. ತಾತ ತುಳೀಲಿ. ಯಾರ ತಲೆಯೋ ಅವರದೇ ಕಾಲು!"

ಜನ ಘೊಳ್ಳೆಂದರು. ಟೀಚರ್ ತಂತಿ ಜೋಡಿಸುತ್ತಾ, "ಹೊಟ್ಟೆ ತುಂಬಿದ್ಯಾ ತಾತಾ?" ಎಂದರು.

"ಎರಡು ತಟ್ಟೆ ಅನ್ನ, ಹುರುಳಿಕಾಯಿ ಬೀಜದ ಸಾರು ಹೊಡ್ದಿದೀನಿ ಕಣಮ್ಮಾ. ಇಡೀ ಕೇರಿಗೆಲ್ಲ ಬೆಳಕು ಕೊಡ್ತೀನಿ!"

ಎಲಿಹಿಯೊ ತುಳಿದ, ಮೆಷಿನ್ನು ಗುಂಯ್ ಎಂದಿತು. ತುಳಿದಂತೆಲ್ಲ ತಲೆ ಏರುತ್ತಿತ್ತು, ಇಳಿಯುತ್ತಿತ್ತು. ಕೂದಲು ಸಮುದ್ರದಂತೆ ಅಲೆ ಅಲೆಯಾಗಿ ಕತ್ತರಿಸಿಹೋಯಿತು.

"ಇದ್ಯಾವ ಕಟಿಂಗೋ ವಿಲ್ಕಿನ್?"

"ಹೊಸಾದು ತಾತಾ. ಇನ್ನೂ ಹೆಸರಿಟ್ಟಿಲ್ಲ."

ಹಿಂದೆ ಇಬ್ಬರು ಹುಡುಗರು ತಮಗೂ ಅದೇ ಬೇಕೆಂದು ಸಾಲು ನಿಂತರು.

ಅಷ್ಟರಲ್ಲಿ ತರಗತಿಯ ಫ್ಯಾನು ತಾನಾಗಿ ತಿರುಗಿತು. "ಬಂತೂ ಕರೆಂಟೂ!" ಮಕ್ಕಳು ಗಂಟಲು ಹರಿದುಕೊಂಡರು.

"ಸುಮ್ನಿರ್ರೋ, ಒಂದ್ಸಲ ಟೋಪಿ ಹಾಕಿದ್ದು ಸಾಲ್ದಾ?" ಎಂದು ಇಡೀ ಕೇರಿ ಬೆನ್ನು ತಿರುಗಿಸಿ ಕಟಿಂಗ್ ನೋಡುತ್ತಾ ನಿಂತಿತು. ಅಳಿಯ ಬಂದ, ಕೇಳುವವರಿಲ್ಲದ್ದು ಕಂಡ, ಮುನಿಸಿಕೊಂಡು ಹೋದ.

ವಿಲ್ಕಿನ್ ಸಾಲನ್ನು ನೋಡಿದ, ಸೋದರಸೊಸೆಯನ್ನು ನೋಡಿದ.

"ಸೈಕಲ್ ಇಲ್ಲೇ ಇರ್ಲಿ ಬಿಡು. ಆದ್ರೆ ನಾಳೆ ತಿಂಡಿ ತಿನ್ದೆ ಬಂದೀಯಾ, ಜೋಕೆ!"