ಕಹಿ ಸೋರೆಕಾಯಿಯ ಒಂದು ಲೋಟ

ದಿನವಿಡೀ ಕೂತು ಬಸ್ ಓಡಿಸುವವರಿಗೆ ಹೊಟ್ಟೆ ಮುಂದೆ ಬರುವುದು ಹೊಸದೇನಲ್ಲ. ಈ ಡ್ರೈವರಣ್ಣನಿಗೂ ಬಂದಿತ್ತು. ಜೊತೆಗೆ ರಕ್ತದಲ್ಲಿ ಸಕ್ಕರೆ ಸ್ವಲ್ಪ ಏರಿತ್ತು. "ದಿನಾ ನಡೀರಿ, ಕರಿದದ್ದು ಕಡಿಮೆ ಮಾಡಿ, ಸರಿಯಾಗಿ ನಿದ್ದೆ ಮಾಡಿ," ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಅವನಿಗೆ ನಡೆಯಲು ಸೋಮಾರಿತನ. ಅಷ್ಟರಲ್ಲಿ ಮೊಬೈಲಿನಲ್ಲಿ ಯಾರೋ ಸುಲಭದ ದಾರಿ ತೋರಿಸಿದರು: ಬೆಳಗ್ಗೆ ಖಾಲಿ ಹೊಟ್ಟೆಗೆ ಒಂದು ಲೋಟ ಹಸಿ ಸೋರೆಕಾಯಿ ರಸ.

ಸೋರೆಕಾಯಿಗೇನು ಬರ? ಬಚ್ಚಲಮನೆಯ ಹಿಂದೆ ಅವನೇ ಹಬ್ಬಿಸಿದ ಬಳ್ಳಿಯಿತ್ತು. ಕಾಯಿಗಳನ್ನು ಬಂದವರಿಗೆಲ್ಲ ತೋರಿಸಿ ಮೀಸೆ ತಿರುವುತ್ತಿದ್ದ.

ಆ ದಿನ ಅವನಿಗೆ ಮಧ್ಯಾಹ್ನದ ಪಾಳಿ. ಬೆಳಗ್ಗೆಯೇ ಕಾಯಿ ಕೊಯ್ದು, ಅದರಲ್ಲಿ ಅರ್ಧ ಭಾಗ ರುಬ್ಬಿ, ಸೋಸಿ, ಎರಡು ಲೋಟಕ್ಕೆ ಸುರಿದ. ಒಂದನ್ನು ಹೆಂಡತಿಯ ಕೈಗಿಟ್ಟ. ಅವಳು ಮುಂದಿನ ಕೋಣೆಯಲ್ಲಿ ಶಾಲೆ ಮಕ್ಕಳ ಸಮವಸ್ತ್ರ ಹೊಲಿಯುತ್ತ ಕೂತಿದ್ದಳು. ಒಂದು ಗುಟುಕು ಬಾಯಿಗೆ ಹಾಕಿದವಳೇ ಕಿಟಕಿಯಾಚೆ ಉಗಿದಳು.

"ಥೂ! ಏನ್ರೀ ಇದು, ನಾಲಿಗೆಯೆಲ್ಲ ಕಹಿ!"

"ಔಷಧಿ ಏನು ಶರಬತ್ತಿನ ಹಾಗಿರತ್ತಾ? ಕಹಿ ಇದ್ದಷ್ಟೂ ಗುಣ ಜಾಸ್ತಿ ಕಣೇ."

"ಸೋರೆಕಾಯಿ ಕಹಿ ಇರಲ್ಲ ರೀ. ಬೇಡ, ಚೆಲ್ಲಿ."

"ನಾನೇ ಬೆಳೆಸಿದ್ದು. ಒಂದು ಹನಿ ಕೀಟನಾಶಕ ಹೊಡೆದಿಲ್ಲ. ಇದರಲ್ಲಿ ವಿಷ ಎಲ್ಲಿಂದ ಬರತ್ತೆ?"

ಮೂಗು ಹಿಡಿದು ಗಟಗಟ ಕುಡಿದೇಬಿಟ್ಟ. ದಂಡ ಆಗಬಾರದೆಂದು ಅವಳ ಲೋಟಕ್ಕೂ ಕೈ ಹಾಕಿದ. ಅವಳು ಕಸಿದುಕೊಂಡು ಮೋರಿಗೆ ಸುರಿದಳು. "ನಿನ್ನ ಪುಣ್ಯ ಇಷ್ಟೇ," ಎಂದು ನಕ್ಕ.

ನಗು ಬಹಳ ಹೊತ್ತು ಉಳಿಯಲಿಲ್ಲ. ಸ್ನಾನಕ್ಕೆ ಹೋದವನು ಹೊಟ್ಟೆ ಹಿಡಿದುಕೊಂಡು ಹೊರಗೆ ಬಂದ. ವಾಂತಿ ಶುರುವಾಯಿತು. ಹಿಂದೆಯೇ ಭೇದಿ.

"ಏಳಿ, ಆಸ್ಪತ್ರೆಗೆ ಹೋಗೋಣ."

"ಗಾಬರಿಯಾಗಬೇಡ ಕಣೇ. ಒಳಗಿನ ಕೊಳೆಯೆಲ್ಲ ಹೊರಗೆ ಹೋಗ್ತಾ ಇದೆ. ವೀಡಿಯೊದಲ್ಲೇ ಹೇಳಿದ್ರು, ಮೊದಮೊದಲು ಹೀಗೆ ಆಗತ್ತಂತೆ."

ಅವಳು ಹೊಲಿಗೆಗೆ ಮರಳಿದಳು. ಆದರೆ ಕಿವಿಯೆಲ್ಲ ಬಚ್ಚಲ ಕಡೆಗೇ ಇತ್ತು. ಬಚ್ಚಲಿನಿಂದ ಮತ್ತೆ ಸದ್ದು. ಓಡಿಹೋಗಿ ನೋಡಿದರೆ ಅವನು ಗೋಡೆಗೊರಗಿ ಕುಸಿದಿದ್ದ. ಹಣೆ ತಣ್ಣಗೆ, ಬೆವರಿನಿಂದ ಒದ್ದೆ. ನೆಲದ ಮೇಲಿನ ವಾಂತಿಯಲ್ಲಿ ರಕ್ತದ ಎಳೆಗಳು.

ಅವಳು ನಾದಿನಿಗೆ ಫೋನ್ ಮಾಡಿ, ಬೆಳಗ್ಗೆಯಿಂದ ನಡೆದದ್ದನ್ನೆಲ್ಲ ಹೇಳಿದಳು. ನಾದಿನಿ ದೊಡ್ಡಾಸ್ಪತ್ರೆಯಲ್ಲಿ ನರ್ಸ್.

"ಅತ್ತಿಗೆ, ಒಂದೇ ಮಾತು ಹೇಳಿ. ರಸ ಕಹಿ ಇತ್ತಾ?"

"ಇತ್ತು ಕಣೇ, ವಿಪರೀತ ಕಹಿ."

ನಾದಿನಿ ಅವಸರದಿಂದ ಹೇಳಿದಳು:

"ಮನೇಲಿ ಏನೂ ಕುಡಿಸಬೇಡಿ, ಯಾವ ಮದ್ದೂ ಬೇಡ. ಆಂಬುಲೆನ್ಸ್‌ಗೆ ಕಾಯೋ ಹಾಗಿದ್ರೆ ಆಟೋನೇ ಹಿಡೀರಿ. ಉಳಿದ ಕಾಯಿ ಚೀಲಕ್ಕೆ ಹಾಕ್ಕೊಂಡು ಬನ್ನಿ, ಡಾಕ್ಟರಿಗೆ ತೋರಿಸ್ತೀನಿ. ಬೇಗ!"

"ನಾನು ಡ್ಯೂಟಿಗೆ ಹೋಗ್ಬೇಕು..." ಎಂದು ಅವನು ಗೊಣಗಿದ. ಹೆಂಡತಿಯ ಕೂಗು ಕೇಳಿ ಎದುರು ಮನೆಯ ಬಡಗಿ ಬಂದು ಅವನನ್ನು ಮಗುವಿನಂತೆ ಎತ್ತಿ ಆಟೋದಲ್ಲಿ ಕೂರಿಸಿದ.

ಆಸ್ಪತ್ರೆ ಮುಟ್ಟುವಾಗ ಅವನ ರಕ್ತದೊತ್ತಡ ಪಾತಾಳಕ್ಕಿಳಿದಿತ್ತು. ಎರಡೂ ಕೈಗೆ ಸಲೈನ್ ಏರಿಸಿದರು. ಡಾಕ್ಟರು ಚೀಲದಲ್ಲಿದ್ದ ಕಾಯಿ ನೋಡಿ ತಲೆಯಾಡಿಸಿದರು.

"ಸೋರೆಕಾಯಿ ಒಳ್ಳೆಯ ತರಕಾರಿ ಅಮ್ಮ. ಆದರೆ ಕಹಿ ಕಾಯಿಯಲ್ಲಿ ಬಳ್ಳಿಯೇ ತಯಾರಿಸಿದ ವಿಷ ಇರುತ್ತೆ. ಅದಕ್ಕೆ ಪ್ರತಿಮದ್ದು ಅಂತ ಇಲ್ಲ. ದೇಹವನ್ನು ಕಾಪಾಡ್ತಾ ಕಾಯಬೇಕು."

ಅಷ್ಟರಲ್ಲಿ ಹಾಸಿಗೆಯಿಂದ ಕ್ಷೀಣ ಧ್ವನಿ ಬಂತು. "ನಮ್ಮ ಬಸ್ಸಿನ ಕಂಡಕ್ಟರ್... ನಿನ್ನೆ ಅವನಿಗೂ ಇದೇ ಬಳ್ಳಿಯ ಕಾಯಿ ಕೊಟ್ಟೆ..."

ಅವಳು ಕೂಡಲೇ ಕಂಡಕ್ಟರ್‌ಗೆ ಫೋನ್ ಮಾಡಿದಳು. ಫೋನ್ ರಿಂಗಾಗಿ ನಿಂತಿತು. ಮತ್ತೆ ಮಾಡಿದಳು. ಯಾರೂ ಎತ್ತಲಿಲ್ಲ. ಮೂರನೇ ಸಲ ಅತ್ತಲಿಂದ ಮಿಕ್ಸಿಯ ಗದ್ದಲ ಕೇಳಿಸಿತು.

"ಹೇಳಿ ಅತ್ತಿಗೆ! ನಿಮ್ಮ ಸೋರೆಕಾಯಿನೇ ರುಬ್ತಾ ಇದ್ದೀನಿ. ಅಣ್ಣ ಹೇಳಿದ ಹಾಗೇ..."

"ಕುಡಿದ್ರಾ?"

"ಇಲ್ಲ, ಇನ್ನು ಸೋಸಿ ಲೋಟಕ್ಕೆ ಹಾಕ್ಬೇಕು."

"ಮುಟ್ಟಬೇಡಿ! ನಿಮ್ಮ ಅಣ್ಣ ಇಲ್ಲಿ ರಕ್ತ ಕಾರ್ಕೊಂಡು ಮಲಗಿದ್ದಾರೆ!"

ಮಿಕ್ಸಿ ನಿಂತಿತು. ಕಂಡಕ್ಟರ್ ಮೆಲ್ಲಗೆ ಹೇಳಿದ. "ಅತ್ತಿಗೆ, ಮೊದಲನೇ ಲೋಟ ನಮ್ಮಮ್ಮನಿಗೇ ಕೊಡೋಣ ಅಂತಿದ್ದೆ." ಅವನು ಅಲ್ಲೇ ಅತ್ತುಬಿಟ್ಟ. "ಅದನ್ನೆಲ್ಲ ಈಗಲೇ ಮೋರಿಗೆ ಸುರೀರಿ," ಎಂದಳು ಇವಳು.

ಡ್ರೈವರಣ್ಣ ಬದುಕಿಕೊಂಡ. ಕಣ್ಣು ಗುಳಿಬಿದ್ದು, ಅಂಗಿ ಸಡಿಲವಾಗಿ ಮನೆಗೆ ಬಂದ. ಜಗಲಿಯ ಮೇಲೆ ಕೂತು ನರ್ಸ್ ತಂಗಿಯನ್ನು ಕೇಳಿದ: "ಹಾಗಾದ್ರೆ ಸಹಜವಾದದ್ದೆಲ್ಲ ಕೆಟ್ಟದ್ದಾ?"

"ಯಾರಪ್ಪ ಹಾಗಂದೋರು? ತರಕಾರಿ ಬೇಯಿಸಿ ತಿನ್ನು. ನಡಿ. ಚೆನ್ನಾಗಿ ಮಲಗು. ಅದಕ್ಕಿಂತ ಸಹಜ ಇನ್ನೇನಿದೆ? ಆದ್ರೆ ಗಿಡದ್ದು ಅಂದ ಮಾತ್ರಕ್ಕೆ ಎಲ್ಲವೂ ಔಷಧಿ ಅಲ್ಲಣ್ಣ. ಹೊಸದೇನಾದ್ರೂ ಶುರು ಮಾಡೋ ಮುಂಚೆ ನಮ್ಮನ್ನೊಂದು ಮಾತು ಕೇಳು."

ಅವನು ಎದ್ದು ಹೋಗಿ ಬಳ್ಳಿಯನ್ನು ಬೇರುಸಹಿತ ಕಿತ್ತ. ಹೆಂಡತಿ ಚಪ್ಪಲಿ ತಂದು ಮುಂದಿಟ್ಟಳು. "ಬನ್ನಿ, ಬಸ್ ನಿಲ್ದಾಣದವರೆಗೆ ನಡೆದು ಬರೋಣ." ಈ ಸಲ ಅವನು ಕುಂಟುನೆಪ ಹೇಳಲಿಲ್ಲ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಸೋರೆಕಾಯಿ ಇರಬಹುದು, ಸೌತೆಕಾಯಿ ಇರಬಹುದು. ಹೊರಗಿನಿಂದ ನೋಡಿದರೆ ಕಹಿ ಕಾಯಿ ಯಾವುದೆಂದು ತಿಳಿಯುವುದಿಲ್ಲ. ಅಡುಗೆಗೆ ಬಳಸುವ ಮುಂಚೆ ಒಂದು ಚೂರು ಕತ್ತರಿಸಿ ನಾಲಿಗೆಗೆ ತಾಗಿಸಿ ನೋಡಿ. ಕಹಿಯಿದ್ದರೆ ಉಗಿದು ಬಾಯಿ ತೊಳೆದು, ಇಡೀ ಕಾಯಿಯನ್ನು ಎಸೆಯಿರಿ. ಬೇಯಿಸಿದರೆ ಆ ವಿಷ ಹೋಗುತ್ತದೆಂದು ನಂಬಬೇಡಿ. ಗೊತ್ತಿಲ್ಲದೆ ಕುಡಿದು ಹೊಟ್ಟೆನೋವು, ವಾಂತಿ, ಭೇದಿ ಶುರುವಾದರೆ ಮನೆಯಲ್ಲಿ ಕಾಯಬೇಡಿ, ನೇರ ಆಸ್ಪತ್ರೆಗೆ ಓಡಿ.

ನಾಲಿಗೆ ಬೇಡವೆಂದದ್ದನ್ನು ಗಂಟಲಿಗೆ ಇಳಿಸಬೇಡಿ.